ಥಂಡಿ ಸಮುದ್ರದಿಂದ ಬಂದ ಅಣ್ಣ

ಪಂಚಮಿಯ ಮರುದಿನ ನಮ್ಮ ಅಣ್ಣ ಈರಣ್ಣ ತಿಳವಳ್ಳಿಯ ಮನೆಯ ಕಟ್ಟೆಯ ಮೇಲೆ ನಿಂತು, ಬೆರಳನ್ನು ತಂಬಿಗೆಯ ನೀರಿನಲ್ಲಿ ಅದ್ದಿ, ಎರಡೂ ಕಿವಿಗಳ ಹಿಂದೆ ಒರೆಸಿಕೊಂಡ. ಆಮೇಲೆ ಕಣ್ಣು ಮುಚ್ಚಿ ಮುಖವನ್ನು ನಿಧಾನವಾಗಿ ಅತ್ತಿತ್ತ ತಿರುಗಿಸಿದ. ಗಾಳಿ ಯಾವ ದಿಕ್ಕಿನಿಂದ ಬರುತ್ತದೆಂದು ನೋಡುವ ಅವನ ರೀತಿ ಅದು. ಎದುರಿಗೆ ಇದ್ದದ್ದು ಭತ್ತದ ಗದ್ದೆ ಮತ್ತು ನಮ್ಮ ಎಮ್ಮೆ. ಸಮುದ್ರ ಅಲ್ಲಿಂದ ಒಂದು ಘಟ್ಟ ಇಳಿದು ಹೋಗುವಷ್ಟು ದೂರ.

"ನಾಳೆ ಹೊತ್ತು ಏರೂದ್ರೊಳಗ ಮಳಿ ಬರ್ತೈತಿ ಬೇ, ಸಗಣಿ ಕುಳ್ಳು ಒಳಗ ಇಡು" ಎಂದ.

ಅವ್ವ ಒಲೆಯ ಮುಂದಿನಿಂದಲೇ ಹೇಳಿದಳು: "ಶ್ರಾವಣದಾಗ ಮಳಿ ಬರ್ತೈತಂತ ಹೇಳಾಕ ವಿಲಾಯತಿಗೆ ಹೋಗಿ ಬರಬೇಕಿತ್ತೇನೋ ನನ್ನಪ್ಪಾ?"

ನಾನು ಶಿಗ್ಗಾಂವಿಯ ಗಂಡನ ಮನೆಯಿಂದ ಹಬ್ಬಕ್ಕೆ ಬಂದಿದ್ದೆ. ಅಣ್ಣನೇ ಚಕ್ಕಡಿ ಕಟ್ಟಿಕೊಂಡು ಬಂದು ಕರೆದುಕೊಂಡು ಬಂದಿದ್ದ. ಬೇವಿನ ಮರಕ್ಕೆ ಜೋಕಾಲಿಯನ್ನೂ ಅವನೇ ಕಟ್ಟಿದ್ದ, ನಮ್ಮ ಊರಿನ ಯಾರಿಗೂ ತಿಳಿಯದ ಒಂದು ಗಂಟು ಹಾಕಿ. ನಾನು ಅನುಮಾನದಿಂದ ಹಗ್ಗ ಜಗ್ಗಿ ನೋಡುತ್ತಿದ್ದೆ.

"ಅಂಜಬ್ಯಾಡ, ಕುಂದ್ರು. ಈ ಗಂಟಿಗೆ ಹಡಗ ನಿಂತಾವು. ನಿನ್ನ ಭಾರ ಏನು ಮಹಾ."

"ಹಡಗಕ್ಕ ಪಂಚಮಿ ಉಂಡಿ ತಿನ್ನೂ ಚಟ ಇರಾಂಗಿಲ್ಲಣ್ಣ."

ಅವನು ನಗುವಾಗ ಮೊದಲು ಭುಜಗಳು ಕುಣಿಯುತ್ತಿದ್ದವು, ಸದ್ದು ಆಮೇಲೆ ಬರುತ್ತಿತ್ತು. ಆ ಮಧ್ಯಾಹ್ನವೂ ಹಾಗೆಯೇ ನಕ್ಕ. ನಮ್ಮ ಮನೆಯಲ್ಲಿ ಎಲ್ಲವೂ ಎಂದಿನಂತೆ ಇದ್ದ ಕೊನೆಯ ದಿನ ಅದು.

ಒಕ್ಕಲುತನದ ಮನೆಯ ಮಗ ಸಮುದ್ರಕ್ಕೆ ಹೋದದ್ದು ಹೇಗೆಂದು ಜನ ಈಗಲೂ ಕೇಳುತ್ತಾರೆ. ನಮ್ಮ ಅಪ್ಪ ಹತ್ತಿ, ಅಕ್ಕಿ ಹೇರಿಕೊಂಡು ಘಟ್ಟ ಇಳಿದು ಕುಮಟೆಗೆ ಹೋಗುತ್ತಿದ್ದ; ಬರುವಾಗ ಉಪ್ಪು, ತೆಂಗಿನಕಾಯಿ ತರುತ್ತಿದ್ದ. ಒಂದು ಸಲ ಜೊತೆಗೆ ಹೋದ ಈರಣ್ಣ ತಿರುಗಿ ಬರಲಿಲ್ಲ. ಸರಕು ಸಾಗಿಸುವ ಹಾಯಿದೋಣಿಯಲ್ಲಿ, ಮಚವೆ ಅನ್ನುತ್ತಾರೆ ಅಲ್ಲಿ, ಖಲಾಸಿಯಾಗಿ ಸೇರಿಕೊಂಡ. ಕೆಲವು ವರ್ಷ ನಮ್ಮ ದಂಡೆಯಲ್ಲೇ ಮುಂಬಯಿಯವರೆಗೆ ಓಡಾಡಿದ. ಆಮೇಲೆ ಮುಂಬಯಿಯಲ್ಲಿ ದೊಡ್ಡ ಹಡಗು ಹತ್ತಿ ವಿಲಾಯತಿಗೆ ಹೋದ. ಆ ಹಡಗು ಕೆಟ್ಟು ನಿಂತಾಗ, ಅಲ್ಲಿಯ ಬಡಗಣ ದಂಡೆಯಲ್ಲಿ ಕಲ್ಲಿದ್ದಲು ಸಾಗಿಸುವ ಒಂದು ಹಾಯಿದೋಣಿಯಲ್ಲಿ ಕೆಲಸ ಮಾಡಿದ. ಯುದ್ಧ ಶುರುವಾಗುವ ಸ್ವಲ್ಪ ಮೊದಲು ಊರಿಗೆ ಬಂದ. ಬರುವಾಗ ಮೈಮೇಲೆ ದಪ್ಪ ಉಣ್ಣೆಯ ಅಂಗಿಯೊಂದಿತ್ತು. ಅದನ್ನು ಮಳೆಗಾಲದಲ್ಲೆಲ್ಲ ತೊಟ್ಟಿರುತ್ತಿದ್ದ. ಅವ್ವ ಅದಕ್ಕೆ ಕುರಿ ಎಂದು ಹೆಸರಿಟ್ಟಿದ್ದಳು. "ಆ ಕುರೀನ ಒಂದು ದಿನರ ಮೈಮ್ಯಾಲಿಂದ ಇಳಸೋ" ಅನ್ನುತ್ತಿದ್ದಳು.

ಎರಡು ಸಮುದ್ರಗಳನ್ನು ಹೋಲಿಸುವುದೆಂದರೆ ಅವನಿಗೆ ಊಟಕ್ಕಿಂತ ಹೆಚ್ಚು. "ನಮ್ಮ ಸಮುದ್ರ ದನದಂಗ ಐತಿ ನೋಡು ತಂಗಿ. ಮುಂಜಾನಿ ನೆಲದ ಗಾಳಿ ಹೊರಗ ಹೊಡಕೊಂಡು ಹೋಗ್ತೈತಿ, ಮಧ್ಯಾನದ ಮ್ಯಾಲ ಕಡಲ ಗಾಳಿ ಮನಿಗೆ ತರ್ತೈತಿ. ಕಾಯಾವ ನಿದ್ದಿ ಮಾಡಿದ್ರೂ ನಡೀತೈತಿ. ಅಲ್ಲೆ ಹಂಗಲ್ಲ. ಅಲ್ಲೆ ಗಾಳಿಗೆ ತೂಕ ಐತಿ. ಇಲ್ಲಿ ಗಾಳಿ ಅರಿವಿ ಹಾರಸ್ತೈತಿ, ಅಲ್ಲೆ ಮನಶಾನ್ನ ದೂಡ್ತೈತಿ."

ಹಾಯಿ ತೊಯ್ದು ಹೆಪ್ಪುಗಟ್ಟಿ ಒಣ ತೊಗಲಿನಂತೆ ಸೆಟೆದು ನಿಲ್ಲುತ್ತದೆ, ಮಡಚಲು ಹೋದರೆ ಉಗುರು ಕಿತ್ತು ಬರುತ್ತವೆ ಎನ್ನುತ್ತಿದ್ದ. ಇಳಿತದ ಹೊತ್ತಿಗೆ ನೀರು ಕಣ್ಣಿಗೆ ಕಾಣದಷ್ಟು ದೂರ ಹೋಗಿ, ದೋಣಿ ಕೆಸರಿನಲ್ಲಿ ಎಮ್ಮೆಯಂತೆ ಕುಳಿತುಬಿಡುತ್ತದೆ ಎನ್ನುತ್ತಿದ್ದ. ಬೇಸಿಗೆಯಲ್ಲಿ ಹೊತ್ತು ಮುಳುಗಿದರೂ ಬೆಳಕು ಹೋಗುವುದಿಲ್ಲ ಎಂದಾಗ ಅವ್ವ ನಿಜವಾಗಿ ಕಳವಳಪಟ್ಟಳು. "ಹಂಗಾದ್ರ ಅಲ್ಲೆ ಹೆಣಮಕ್ಳಿಗೆ ಕೆಲಸ ಯಾವಾಗ ಮುಗೀತೈತೋ?"

ಒಂದು ಮಾತನ್ನು ಮಾತ್ರ ಅವನು ನಗದೆ ಹೇಳುತ್ತಿದ್ದ. ಆ ಥಂಡಿ ನೀರಿನಲ್ಲಿ ಒಂದು ಸಲ ಅವರ ದೋಣಿ ಮಗುಚಿತ್ತು. ಈಜು ಬಲ್ಲ ಇವನು ದಂಡೆಯ ಕಡೆ ಕೈ ಬಡಿಯಲು ಹೊರಟಾಗ, ದೋಣಿಯ ಮುದುಕ ಇವನ ಕೂದಲು ಹಿಡಿದು ಎಳೆದು, ಕಪಾಳಕ್ಕೆ ಹೊಡೆದು, ಮಗುಚಿದ ದೋಣಿಯ ಹಗ್ಗವನ್ನು ಇವನ ಕೈಗೆ ಸುತ್ತಿದನಂತೆ. ಈಜಿದ ಇನ್ನೊಬ್ಬ ಹುಡುಗ ಸ್ವಲ್ಪ ದೂರದಲ್ಲೇ ಕೈಕಾಲು ಮರಗಟ್ಟಿ ಮುಳುಗಿದ. ಹಗ್ಗ ಹಿಡಿದವರನ್ನು ಬೇರೆ ದೋಣಿಯವರು ಬಂದು ಎತ್ತಿಕೊಂಡರು. "ಅಂಗಿ ಕಳಿಬಾರದು, ಕೈ ಬಡೀಬಾರದು, ದೋಣಿ ಬಿಡಬಾರದು" ಎಂದು ಅಣ್ಣ ಹೇಳುವಾಗ, ಮಠದಲ್ಲಿ ಕೂತವನ ಹಾಗೆ ಗಂಭೀರನಾಗುತ್ತಿದ್ದ. ಆ ಪಾಠ ಅವನ ಜೀವ ಉಳಿಸಿತ್ತು. ಅದನ್ನು ಅವನು ಎಲ್ಲ ನೀರಿಗೂ ಸಲ್ಲುವ ಪಾಠವೆಂದು ತಿಳಿದ.

ಇನ್ನೊಂದನ್ನೂ ಅಲ್ಲಿಂದ ಕಲಿತು ಬಂದಿದ್ದ. ನಮ್ಮ ದಂಡೆಯವರು ಮಳೆಗಾಲದಲ್ಲಿ ಮಚವೆಗಳನ್ನು ದಡಕ್ಕೆಳೆದು ತೆಂಗಿನ ಗರಿ ಹೊದಿಸಿ ಇಡುತ್ತಾರೆ. ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟ ಮೇಲೆಯೇ ಮತ್ತೆ ನೀರಿಗಿಳಿಸುವುದು. ಮೊದಲು ಅವನೂ ಹಾಗೇ ನಡೆದವನು. ತಿರುಗಿ ಬಂದ ಮೇಲೆ ನಗುತ್ತಿದ್ದ. "ಅಲ್ಲೆ ಹಿಮ ಬೀಳೂವಾಗ ಹೋಗ್ತಾರ. ಇಲ್ಲೆ ಬೆಚ್ಚನ ನೀರಿಗೆ ಅಂಜಿ ದೋಣಿಗೂ ಕೌದಿ ಹೊಚ್ಚಿ ಮಲಗಸ್ತಾರ."

ಜೋಕಾಲಿ ಆಡಿದ ಆ ದಿನದ ಇಳಿಹೊತ್ತಿಗೆ ಸವಣೂರಿನ ಮೆಣಸಿನಕಾಯಿ ಸಾವುಕಾರ ಚಕ್ಕಡಿಯಿಂದ ಇಳಿದ. ಯುದ್ಧದ ಕಾಲ, ವ್ಯಾಪಾರಕ್ಕೆ ರೈಲು ಡಬ್ಬಿ ಸಿಗುತ್ತಿರಲಿಲ್ಲ. ದೋಣಿಯಲ್ಲಿ ಮುಂಬಯಿಗೆ ಕಳಿಸಲೆಂದು ಮಳೆ ಹಿಡಿಯುವ ಮೊದಲೇ ಅವನು ಕುಮಟೆಯ ವಖಾರಿಯಲ್ಲಿ ಮಾಲು ಇಳಿಸಿದ್ದ. ಅದು ಥಂಡಿ ಹಿಡಿದು ಕೊಳೆಯತೊಡಗಿತ್ತು.

"ಹುಣ್ಣಿಮಿ ತನಕ ತಡದ್ರ ಒಂದು ಚೀಲಾನೂ ಉಳಿಯಾಂಗಿಲ್ಲ ಈರಣ್ಣಾ. ದೋಣಿ ಐತಿ, ಖಲಾಸಿಗಳು ಅದಾರ. ನಡಸಾವ ಬೇಕು."

"ಅಲ್ಲಿ ತಂಡೇಲರು ಏನಂತಾರ್ರಿ?" ಎಂದ ಅಣ್ಣ. ತಂಡೇಲ ಎಂದರೆ ಮಚವೆ ನಡೆಸುವ ಹಿರಿಯ.

"ಏನಂತಾರ! ಕಾಯಿ ಬಿಡೂ ತನಕ ನೀರು ಮುಟ್ಟಾಂಗಿಲ್ಲಂತ. ನೀ ವಿಲಾಯತಿ ಸಮುದ್ರ ಕಂಡಾವ. ನೀನೂ ಅಂಜತೀಯೇನು?"

ಅವ್ವ ಬಾಗಿಲಿಗೆ ಬಂದಳು. "ಸಾವುಕಾರ್ರ, ನಿಮ್ಮ ಮೆಣಸಿನಕಾಯಿ ಕೊಳತ್ರ ಮತ್ತೊಂದು ವರ್ಷಕ್ಕ ಬೆಳೀತಾವ್ರಿ. ನನ್ನ ಮಗ ಬೆಳ್ಯಾಂಗಿಲ್ಲ."

ಸಾವುಕಾರ ನಕ್ಕ. "ಹಿಮದಾಗ ಸಾಯಲಾರದಾವ ಬೆಚ್ಚನ ನೀರಾಗ ಸಾಯ್ತಾನೇನ್ ಬೇ?"

ಅಣ್ಣ ಹಣಕ್ಕಾಗಿ ಹೋಗಲಿಲ್ಲ. ಊರಿನಲ್ಲಿ ಅವನಿಗೆ ರಂಟೆ ಹಿಡಿದು ಉಳಲು ಬರುವುದಿಲ್ಲವೆಂದು ಹುಡುಗರೂ ಆಡಿಕೊಳ್ಳುತ್ತಿದ್ದರು. ಆ ಸಂಜೆ ಯಾರೋ ಅವನಿಗೆ ಬರುವ ಕೆಲಸವನ್ನೇ ಕೇಳಿಕೊಂಡು ಮನೆಗೆ ಬಂದಿದ್ದರು. ಅವನ ಮುಖ ನೋಡಿದಾಗಲೇ ನನಗೆ ಗೊತ್ತಾಯಿತು. ಮರುದಿನ ಮುಂಜಾನೆ, ಅವನು ಹೇಳಿದಂತೆಯೇ ಮಳೆ ಸುರಿಯುತ್ತಿತ್ತು. ಆ ಉಣ್ಣೆಯ ಅಂಗಿ ತೊಟ್ಟುಕೊಂಡು ಸಾವುಕಾರನ ಚಕ್ಕಡಿ ಹತ್ತಿದ. ಅವ್ವ ಹೊರಗೆ ಬರಲಿಲ್ಲ. "ನಾ ತಿರುಗಿ ಬರೂ ತನಕ ಗಂಡನ ಮನಿಗೆ ಹೋಗಬ್ಯಾಡ. ನಾನ ಬಂದು ಬಿಡ್ತೇನಿ" ಎಂದು ನನಗೆ ಹೇಳಿದ.

ಹುಣ್ಣಿಮೆ ಕಳೆದ ಮೇಲೆ ಕುಮಟೆಯ ಕಡೆಯ ಒಬ್ಬ ಖಲಾಸಿ ನಮ್ಮ ಮನೆ ಹುಡುಕಿಕೊಂಡು ಬಂದ. ಕಟ್ಟೆಯ ಮೇಲೆ ಕೂರು ಅಂದರೂ ಕೂರದೆ, ನಿಂತೇ ನಡೆದದ್ದನ್ನು ಹೇಳಿದ. ಗಾಳಿ ತುಸು ಬಿಡುವು ಕೊಟ್ಟಿತ್ತು, ಹೊರಟರು. ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಮಳೆಗಾಲ ಮರಳನ್ನೆಲ್ಲ ಬೇರೆ ಕಡೆ ಗುಡ್ಡೆ ಹಾಕಿತ್ತು. ಅದಕ್ಕೇ ಅಲ್ಲಿಯವರು ಹುಣ್ಣಿಮೆಯವರೆಗೆ ಕಾಯುವುದು. ನೀರು ಬೆಚ್ಚಗಿದೆ ಎಂಬುದು ನಿಜವೇ; ಅಂಜಿಕೆ ನೀರಿನದಲ್ಲ, ಮರಳಿನದು. ಅಲೆ ಎತ್ತಿ ಕುಕ್ಕಿತು, ದೋಣಿ ಮಗುಚಿತು. ದಡ ಕೂಗಳತೆಯಲ್ಲಿತ್ತು. ತೆಂಗಿನ ಮರಗಳ ಕೆಳಗೆ ನಿಂತ ಜನರ ಮುಖ ಕಾಣುತ್ತಿತ್ತಂತೆ. ಖಲಾಸಿಗಳೆಲ್ಲ ದೋಣಿ ಬಿಟ್ಟು ಈಜಿದರು, ಎಲ್ಲರೂ ದಡ ಮುಟ್ಟಿದರು.

"ಅಂಗಿ ಕಳಚಿ ಈಜಿ ಅಂತ ಕೂಗಿದೆವು ಅಮ್ಮಾ" ಎಂದ ಅವನು. "ಅವರು ಹಗ್ಗ ಕೈಗೆ ಸುತ್ತಿಕೊಂಡು ನಮಗೇ ಬೈದರು. 'ದೋಣಿ ಬಿಡಬ್ಯಾಡ್ರೋ ಹುಚ್ಚರಾ, ಸಾಯ್ತೀರಿ' ಅಂತ."

ಅಲೆಗಳು ಆ ದೋಣಿಯನ್ನು ಮರಳಿನ ಮೇಲೆ ಕುಕ್ಕಿ ಕುಕ್ಕಿ ಒಡೆದವು. ಅಣ್ಣ ಸಿಗಲಿಲ್ಲ.

ಸಾವುಕಾರ ಆಮೇಲೆ ಬಂದ. ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡು, "ಮಾಲೂ ಹೋತು, ಮನಶಾನೂ ಹೋದ" ಎಂದ. ಯಾವುದನ್ನು ಮೊದಲು ಹೇಳಿದನೆಂದು ನಾನು ಮರೆತಿಲ್ಲ. ಸ್ವಲ್ಪ ದಿನದಲ್ಲೇ, ಈರಣ್ಣನೇ ದೋಣಿ ಕೊಡಿರೆಂದು ಬೆನ್ನುಬಿದ್ದಿದ್ದ ಎಂದು ಅವನು ಸವಣೂರಿನ ಪೇಟೆಯಲ್ಲಿ ಹೇಳುತ್ತಿದ್ದಾನೆಂಬ ಮಾತು ಶಿಗ್ಗಾಂವಿಯ ನನ್ನ ಮನೆಯವರೆಗೂ ಬಂತು. ಊರವರು ಹಣೆಬರಹ ಎಂದರು. ಕುಮಟೆಯ ವಖಾರಿಯಲ್ಲಿ ಹಣೆಬರಹ ಇರಲಿಲ್ಲ, ಮೆಣಸಿನಕಾಯಿ ಇತ್ತು.

ಸತ್ತವರ ಮೇಲೆ ಸಿಟ್ಟು ಮಾಡಬಾರದು ಎನ್ನುತ್ತಾರೆ. ನನಗೆ ಅಣ್ಣನ ಮೇಲೂ ಸಿಟ್ಟಿದೆ. ವರ್ಷಗಟ್ಟಲೆ ಓಡಾಡಿದ ನೀರನ್ನು ಅವನು ನಂಬಲಿಲ್ಲ, ಪರದೇಶದ ಮುದುಕನೊಬ್ಬನ ಕಪಾಳದ ಏಟನ್ನು ನಂಬಿದ. ಇಷ್ಟು ಬರೆದ ಮೇಲೆ ಆ ಸಿಟ್ಟು ಇಳಿಯಬಹುದು ಅಂದುಕೊಂಡಿದ್ದೆ. ಇಳಿದಿಲ್ಲ.

ನಮ್ಮಲ್ಲಿ ತೀರಿಕೊಂಡವರನ್ನು ಕೂರಿಸಿ, ಲಿಂಗವನ್ನು ಅಂಗೈಯಲ್ಲಿಟ್ಟು, ವಿಭೂತಿ ಹಚ್ಚಿ ಮಣ್ಣು ಮಾಡುತ್ತಾರೆ. ಬಳಗದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕಬೇಕು. ಏನಾದರೂ ಮಾಡಿರಿ ಎಂದು ಅವ್ವ ಮಠದ ಅಯ್ಯನವರ ಕಾಲು ಹಿಡಿದಳು.

"ದೇಹ ಇಲ್ಲದ ಏನು ಮಾಡೂಣ ತಾಯಿ? ಲಿಂಗರ ಐತೇನು?"

"ಅದೂ ಅವನ ಕೊಳ್ಳಾಗ ಇತ್ರಿ."

ಮೊದಲೇ ತೀರಿಕೊಂಡಿದ್ದ ಅಪ್ಪನ ಸಮಾಧಿ ಹೊಲದ ಬದುವಿನಲ್ಲಿದೆ. ಅದರ ಎರಡೂ ಬದಿಗೆ ನೇಗಿಲು ತಾಗದಂತೆ ಅವ್ವ ತಾನಿರುವವರೆಗೂ ಕಾದಳು. ಈಗ ಅಪ್ಪನ ಎಡಗಡೆ ಅವ್ವ ಇದ್ದಾಳೆ. ಬಲಗಡೆ ಅಣ್ಣ ಇಲ್ಲ.