ಬೀರಪ್ಪನ ಹೆಸರಿನ ಓಟು

ರೇಣುಕಾ, ನಿನ್ನ ಅಪ್ಪನ ಓಟು ಹಾಕಿದವನು ನಾನು. ಹನ್ನೊಂದು ವರ್ಷಗಳಿಂದ ಈ ಒಂದು ಮಾತನ್ನು ಎಷ್ಟು ಸಲ ಬಾಯಿಯವರೆಗೆ ತಂದು ನುಂಗಿದ್ದೇನೋ — ಅದಕ್ಕೇ ಇವತ್ತು ಮೊದಲು ಅದನ್ನೇ ಬರೆಯುತ್ತಿದ್ದೇನೆ. ಸುತ್ತಿ ಬಳಸಿ ಬಂದರೆ ಮತ್ತೆ ನಡುದಾರಿಯಲ್ಲಿ ನಿಂತುಬಿಟ್ಟೇನು ಎಂಬ ಹೆದರಿಕೆ.

ಆಗ ನಾವಿಬ್ಬರೂ ಸಿಂದಗಿಯಲ್ಲಿ ಬಿ.ಎ. ಎರಡನೆಯ ವರ್ಷದಲ್ಲಿದ್ದೆವು. ರಾಜ್ಯಶಾಸ್ತ್ರ ತೆಗೆದುಕೊಂಡವರಲ್ಲಿ ನಿಜವಾಗಿ ಓದುತ್ತಿದ್ದವಳು ನೀನೊಬ್ಬಳೇ. ನಾವು ಗೈಡು ಬಾಯಿಪಾಠ ಮಾಡುತ್ತಿದ್ದರೆ ನೀನು ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಪ್ರಶ್ನೆ ಬರೆಯುತ್ತಿದ್ದೆ. ಅದಕ್ಕೂ ಎರಡು ವರ್ಷ ಮೊದಲು ಭೀಮಾ ನದಿ ಏರಿದಾಗ, ಕುರಿ ದಾಟಿಸಲು ಇಳಿದ ನಿನ್ನ ಅಪ್ಪ ಕೊಚ್ಚಿಹೋಗಿದ್ದರು. ಕುರಿಗಳ ಹೆಣ ಸಿಕ್ಕವು. ಅವರದು ಸಿಗಲಿಲ್ಲ. ಹೆಣ ಸಿಗದ್ದರಿಂದ ಮರಣ ಪತ್ರ ಆಗಲಿಲ್ಲ. ಅದು ಆಗದ್ದರಿಂದ ಮತದಾರರ ಪಟ್ಟಿಯಲ್ಲಿ ಅವರ ಹೆಸರು ಹಾಗೇ ಉಳಿದಿತ್ತು.

ನಾವು ಎರಡನೆಯ ವರ್ಷದಲ್ಲಿದ್ದಾಗ ಬಂದ ಪಂಚಾಯಿತಿ ಚುನಾವಣೆಗೆ ನಿಮ್ಮೂರ ವಾರ್ಡಿನಿಂದ ನನ್ನ ಕಾಕಾನ ಗೆಳೆಯನೊಬ್ಬ ನಿಂತಿದ್ದ. ಓಟಿನ ದಿನ ಕಾಕಾನ ಜೊತೆ ಬಂದಿದ್ದೆ; ನಾನು ಪಕ್ಕದೂರಿನವನು, ನಿನ್ನನ್ನು ಬಿಟ್ಟರೆ ನನ್ನ ಮುಖ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಧ್ಯಾಹ್ನದ ಹೊತ್ತು, ಎದುರಾಳಿಯ ಏಜೆಂಟ್ ಊಟಕ್ಕೆ ಎದ್ದುಹೋಗಿದ್ದನ್ನು ನೋಡಿಕೊಂಡು ಕಾಕಾ ಒಂದು ಚೀಟಿಯನ್ನು ನನ್ನ ಕೈಗಿಟ್ಟ.

“ಹೋಗ್ ತಮ್ಮಾ. ಸತ್ತವನ ಓಟ ಕೆಡಬಾರ್ದು.”

ಚೀಟಿ ಓದಿದೆ. ಬೀರಪ್ಪ — ಕ್ಲಾಸಿನಲ್ಲಿ ಹಾಜರಿ ಕರೆಯುವಾಗ ನಿನ್ನ ಹೆಸರಿನ ಬೆನ್ನಿಗೆ ದಿನಾ ಕೇಳುತ್ತಿದ್ದ ಹೆಸರು. ಗೊತ್ತಿರಲಿಲ್ಲ ಎಂದು ನಾನು ಹೇಳುವಂತಿಲ್ಲ. ಗೊತ್ತಿದ್ದೇ ತಲೆಗೆ ಟವೆಲ್ ಸುತ್ತಿಕೊಂಡು ಒಳಗೆ ಹೋದೆ.

ಅಧಿಕಾರಿ ತಲೆ ಎತ್ತದೆ ಹೆಸರು ಓದಿದರು. “ಹೌದ್ರಿ” ಎಂದೆ. ಆ ದನಿ — ನನ್ನದಾಗಿರಲಿಲ್ಲ. ಬಯಲಿನಲ್ಲಿ ಕೂಗಿ ಕೂಗಿ ಒಡೆದಂಥ ದಪ್ಪ ದನಿ. ಭಯಕ್ಕೆ ಗಂಟಲು ಕಟ್ಟಿರಬೇಕು ಎಂದು ಆಮೇಲೆ ಸಮಾಧಾನ ಮಾಡಿಕೊಂಡೆ. ಹೊರಗೆ ಉರಿಬಿಸಿಲು, ನನ್ನ ಕಾಲು ಮಾತ್ರ ಮೊಣಕಾಲಿನವರೆಗೆ ತಣ್ಣಗೆ, ಹರಿಯುವ ನೀರಿನಲ್ಲಿ ನಿಂತ ಹಾಗೆ. ಸಹಿ ಮಾಡಬಲ್ಲವನು ಹೆಬ್ಬೆಟ್ಟು ಒತ್ತಿ ಬಂದೆ.

ಇಷ್ಟಕ್ಕೇ ಮುಗಿದಿದ್ದರೆ — ಇಲ್ಲ, ಮುಗಿಯಲಿಲ್ಲ. ಮೂರನೆಯ ವರ್ಷ ನೀನು ಪ್ರಾಜೆಕ್ಟಿಗೆಂದು ನಿಮ್ಮೂರ ಮತದಾನವನ್ನೇ ಆರಿಸಿಕೊಂಡೆ. ಯಾವುದೋ ಏಜೆಂಟನ ಹತ್ತಿರ, ಓಟು ಹಾಕಿದವರಿಗೆ ಗುರುತು ಹಾಕಿದ ಹಳೆಯ ಪಟ್ಟಿಯನ್ನು ಕೇಳಿ ಪಡೆದೆ. ಒಂದು ದಿನ ಲೈಬ್ರರಿಯಲ್ಲಿ ನನ್ನೆದುರು ಕುಳಿತು ಅದನ್ನು ತಿರುಗಿಸಿ ತೋರಿಸಿದೆ.

“ನಮ್ಮಪ್ಪ ಓಟ ಹಾಕ್ಯಾನ. ಯಾರೋ ಕಳ್ಳ ಓಟ ಹಾಕಿರಬೇಕು. ನಾ ತಹಶೀಲ್ದಾರಗ ಅರ್ಜಿ ಕೊಡಾಕತ್ತೇನಿ,” ಎಂದೆ. ಆಮೇಲೆ ಕೇಳಿದೆ — “ಅವತ್ತ ನೀ ನಮ್ಮೂರಾಗ ಇದ್ದೆಲ್ಲ, ಏನರ ನೋಡಿದೇನ?”

ಅರ್ಜಿ ಕೊಟ್ಟರೆ ವಿಚಾರಣೆ ನನ್ನವರೆಗೆ ಬರುತ್ತಿತ್ತು. ನಾನು ಹೇಳಿದ ಮಾತು ಇದು, ಒಂದಕ್ಷರ ಬದಲಿಸದೆ ಬರೆಯುತ್ತೇನೆ:

“ತಲಿಗೆ ಟವೆಲ್ ಸುತ್ಕೊಂಡು ಒಬ್ರು ಬಂದಿದ್ರು. ನಿನ್ನಂಗ ಮಾರಿ ಇತ್ತು.”

ನಿನ್ನಂಥದೇ ಮುಖ ಎಂದಾಗ ನಿನ್ನ ಮುಖದಲ್ಲಿ ಮೂಡಿದ್ದು — ಅದಕ್ಕೆ ನಾನು ಇವತ್ತಿಗೂ ಹೆಸರಿಡಲಾರೆ. ಸಿಟ್ಟೆಲ್ಲ ಇಳಿದುಹೋಗಿ ಅಲ್ಲಿ ಒಬ್ಬ ಮಗಳಷ್ಟೇ ಉಳಿದಳು. ನೀನು ಅರ್ಜಿ ಕೊಡಲಿಲ್ಲ. ಅಪ್ಪ ಬದುಕಿದ್ದಾನೆ ಎಂದು ಅವ್ವನಿಗೆ ಹೇಳಿದೆ.

ಮರುವಾರ ನಿನ್ನ ಅವ್ವ ಲಗಮವ್ವ ಮತ್ತೆ ಕುಂಕುಮ ಹಚ್ಚಿಕೊಂಡಳೆಂದು ಸುದ್ದಿ ಬಂತು. ಜನ ಮೊದಲು ನಕ್ಕರು. ಆಮೇಲೆ ನಗುವುದನ್ನು ಬಿಟ್ಟರು — ಹೊಳೆಯಲ್ಲಿ ಬಟ್ಟೆ ಒಗೆಯುವ ಹೆಂಗಸರು, ಆಚೆ ದಂಡೆಯಿಂದ ಯಾರೋ ಕುರಿ ಕರೆಯುವ ದನಿ ಕೇಳುತ್ತದೆ ಎನ್ನತೊಡಗಿದ್ದರು. ನಟ್ಟನಡು ಮಧ್ಯಾಹ್ನ, ಕುರಿಯೊಂದೂ ಇಲ್ಲದ ದಂಡೆ. ನಾನು ಕಟ್ಟಿದ ಸುಳ್ಳು ನನ್ನನ್ನು ಬಿಟ್ಟು ತಾನೇ ನಡೆದಾಡತೊಡಗಿತ್ತು. ಒಂದು ಸಲ ನಾನೂ ಕೇಳಿಸಿಕೊಂಡೆ. ಮತಗಟ್ಟೆಯಲ್ಲಿ ನನ್ನ ಬಾಯಿಂದ ಬಂದಿತ್ತಲ್ಲ — ಅದೇ ದನಿ.

ಪದವಿಗೆ ಆರು ತಿಂಗಳು ಉಳಿದಿದ್ದಾಗ ನೀನು ಕಾಲೇಜು ಬಿಟ್ಟೆ. ಅವ್ವನನ್ನು ಕರೆದುಕೊಂಡು ಪಂಢರಪುರ, ಸೊಲ್ಲಾಪುರ ಅಂತ ಅಪ್ಪನ ಫೋಟೊ ಹಿಡಿದು ತಿರುಗಿದೆ. ನಾನು ಫಸ್ಟ್ ಕ್ಲಾಸಿನಲ್ಲಿ ಪಾಸಾದೆ. ಈಗ ಮುದ್ದೇಬಿಹಾಳದಲ್ಲಿ ಅದೇ ರಾಜ್ಯಶಾಸ್ತ್ರ ಕಲಿಸುತ್ತೇನೆ. ವಯಸ್ಕ ಮತದಾನದ ಪಾಠ ಬಂದಾಗ ಬೆಂಚಿನಲ್ಲಿ ಯಾರಾದರೂ ಕೈ ಎತ್ತಿದರೆ ಸಾಕು, ಪ್ರಶ್ನೆ ಕೇಳುವ ಮೊದಲೇ ಪುಟ ತಿರುಗಿಸಿಬಿಡುತ್ತೇನೆ.

ನೀವಿಬ್ಬರೂ ಬಾಗೇವಾಡಿಯಲ್ಲಿದ್ದೀರಿ, ನೀನು ಅಂಗನವಾಡಿ ನಡೆಸುತ್ತೀ ಎಂದು ಹಳೆಯ ಸಹಪಾಠಿಯೊಬ್ಬ ಹೇಳಿದ. ಕಳೆದ ಗುರುವಾರ ಬಂದಿದ್ದೆ. ನೀನು ಕೆಲಸಕ್ಕೆ ಹೋಗಿದ್ದೆ. ಲಗಮವ್ವ ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದಳು.

“ಬಾ ತಮ್ಮಾ, ಕುಂಡ್ರು. ಯಾವೂರು ನಿಂದು?” ಎಂದಳು.

ಕುಳಿತೆ. ಎಲ್ಲವನ್ನೂ ಹೇಳಿದೆ — ಚೀಟಿ, ಹೆಬ್ಬೆಟ್ಟು, ನಿನಗೆ ಹೇಳಿದ ಸುಳ್ಳು. “ಅವರು ಬಂದಿರಲಿಲ್ಲವ್ವಾ. ಬಂದಾಂವ ನಾನು,” ಎಂದೆ. ಬೈಯಲಿ, ಮೊರ ಎತ್ತಿ ಎಸೆಯಲಿ ಎಂದು ಕಾದೆ. ಆಕೆ ಬಹಳ ಹೊತ್ತು ನನ್ನನ್ನೇ ನೋಡಿದಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ಎದ್ದುಹೋಗಿ ಒಂದು ತಂಬಿಗೆ ನೀರು ತಂದು, ಕೊಡುವಾಗ ಮುಖ ತಗ್ಗಿಸಿ, ‘ತಮ್ಮಾ’ ಎಂಬುದನ್ನು ಬಿಟ್ಟು, ಮೆಲ್ಲಗೆ ಕೇಳಿದಳು:

“ಊರತನಕಾ ಬಂದು, ಮನಿಗ್ಯಾಕ ಬರಲಿಲ್ರಿ?”

ನನ್ನ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ.

ಆಕೆಗೆ ಉತ್ತರ ಕೊಡದೆ ಎದ್ದು ಬಂದೆ. ಅದೂ ನನ್ನ ತಪ್ಪೇ. ರೇಣುಕಾ, ನನ್ನ ತಪ್ಪೊಪ್ಪಿಗೆಯನ್ನು ಬರೆದು ಸಹಿ ಮಾಡಿ ಒಂದು ಪ್ರತಿಯನ್ನು ತಹಶೀಲ್ದಾರರಿಗೆ ಕಳಿಸಿದ್ದೇನೆ. ಇನ್ನೊಂದು ಇದರ ಜೊತೆಗಿದೆ. ಕ್ಷಮೆ ಕೇಳುತ್ತಿಲ್ಲ. ಭಾನುವಾರ ಬರುತ್ತೇನೆ. ನೀನು ಮನೆಯಲ್ಲಿರು — ‘ಬಂದಾಂವ ನಾನು’ ಎಂಬ ಮಾತನ್ನು ಆಕೆಗೆ ಇನ್ನೊಮ್ಮೆ ಹೇಳಬೇಕು, ನಿನ್ನೆದುರಿಗೆ, ಆಕೆ ನನ್ನನ್ನು ನಾನೆಂದು ನೋಡುವವರೆಗೆ.