ಕಂಬಳಿಯ ಮೇಲೆ ಕುಳಿತು ಹೇಳಿದ ಮಾತು

ಕೊರೋನಾ ಮುಗಿದು ಎರಡನೆಯ ವರ್ಷ. ನಾನಾಗ ಬೈಲಹೊಂಗಲದ ಕಚೇರಿಯಲ್ಲಿ ಕೈಮಗ್ಗ ಪರಿಶೀಲಕಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ತಾಲೂಕಿನ ಉಣ್ಣೆ ನೇಕಾರರು ನನ್ನ ಪಾಲಿಗೆ ಬಂದಿದ್ದರು. ಕಂಬಳಿ ನಿಜವಾಗಿ ಕೈಮಗ್ಗದ್ದೇ ಎಂದು ನೋಡಿ ಅದಕ್ಕೆ ಟ್ಯಾಗ್ ಕೊಡಿಸುವುದು ನನ್ನ ಕೆಲಸ. ಟ್ಯಾಗ್ ಇದ್ದರೆ ದೊಡ್ಡ ಊರಿನ ಅಂಗಡಿಯವರು ಕಣ್ಣು ಮುಚ್ಚಿ ಕೊಳ್ಳುತ್ತಿದ್ದರು. ಆದರೆ ಟ್ಯಾಗ್ ಇಡೀ ಊರಿಗೆ ಒಂದೇ. ಒಂದು ಮನೆ ತಪ್ಪಿದರೆ ಊರಿನ ಎಲ್ಲ ಮಗ್ಗಗಳಿಗೂ ರದ್ದು.

ನಮ್ಮ ಕಡೆ ಕಂಬಳಿ ಬರೀ ಹೊದಿಕೆಯಲ್ಲ. ಕರಿ ಕುರಿಯ ಉಣ್ಣೆ ನೂತು, ನೂಲಿಗೆ ಹುಣಸೆ ಬೀಜದ ಗಂಜಿ ಹಿಡಿಸಿ, ನೆಲಮಗ್ಗದಲ್ಲಿ ನೆಯ್ದ ಕಂಬಳಿಯನ್ನು ಹಾಸಿದರೆ ಅದು ಗದ್ದುಗೆ. ದೇವರು ಕೂರುವುದು ಅದರ ಮೇಲೆ, ಮದುಮಕ್ಕಳು ಕೂರುವುದೂ ಅದರ ಮೇಲೆ. ನೇಕಾರರ ಓಣಿಯಲ್ಲಿ ತಂಟೆ ತಕರಾರು ಬಂದಾಗ ಕಂಬಳಿ ಹಾಸಿ ಕೂರಿಸಿ ಕೇಳುತ್ತಾರೆ. ಅಲ್ಲಿ ಕುಳಿತು ಸುಳ್ಳು ಹೇಳಿದವನನ್ನು ನಾನಂತೂ ಕಂಡಿರಲಿಲ್ಲ.

ಇದನ್ನೆಲ್ಲ ನನಗೆ ಹೇಳಿಕೊಟ್ಟವರು ರಾಮದುರ್ಗ ದಾರಿಯ ಒಂದು ಹಳ್ಳಿಯ ಯಲ್ಲಪ್ಪ ಕಾಕಾ. ಆ ಊರಿನ ನೇಕಾರರಿಗೆ ಹಿರಿಯರು. ಎಲ್ಲ ಮನೆಗಳ ಮಾಲೂ ಅವರ ಕೈಯಿಂದಲೇ ಹೊರಗೆ ಹೋಗುತ್ತಿತ್ತು. ನಾನು ಹೋದಾಗಲೆಲ್ಲ ಅವರ ಹೆಂಡತಿ ಸಿದ್ದವ್ವ ಬಿಸಿ ರೊಟ್ಟಿ ಬಡಿದು ಹಾಕದೆ ಕಳಿಸುತ್ತಿರಲಿಲ್ಲ. ನನಗೆ ಅದು ತವರುಮನೆಯೇ ಆಗಿಹೋಗಿತ್ತು.

ಹೀಗಿರುವಾಗ ಅಂಗಡಿಯವರೊಬ್ಬರಿಂದ ದೂರು ಬಂತು. ಆ ಊರಿನ ಟ್ಯಾಗ್ ಹೊತ್ತ ಕಂಬಳಿಯ ಎಳೆಯೊಂದನ್ನು ಅವರು ಸುಟ್ಟು ನೋಡಿದ್ದರು. ಉಣ್ಣೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರಬೇಕು. ಇದು ಪ್ಲಾಸ್ಟಿಕ್ಕಿನ ಹಾಗೆ ಕರಗಿ ಗಂಟುಕಟ್ಟಿತ್ತು. ಮೇಲಧಿಕಾರಿ ಟ್ಯಾಗ್ ರದ್ದು ಮಾಡಲು ಹೊರಟರು. ನಾನೇ ತಡೆದು, ವಿಚಾರಿಸಿ ವರದಿ ಕೊಡುತ್ತೇನೆಂದು, ಅಂಗಡಿಯವರು ಕಳಿಸಿದ ಆ ಕಂಬಳಿ ಹಿಡಿದು ಆ ಊರಿನ ಬಸ್ಸು ಹತ್ತಿದೆ.

"ಇದು ನಮ್ಮ ಮಾಲ ಅಲ್ರಿ ಅಕ್ಕಾರ, ಅಂಗಡ್ಯಾವ್ರು ಬದಲಿ ಮಾಡ್ಯಾರ" ಎಂದರು ಕಾಕಾ. ನಾನು ಇನ್ನೊಂದು ಮಾತು ಕೇಳುವ ಮೊದಲೇ ಸಿದ್ದವ್ವನನ್ನು ಕೂಗಿ ಒಳಗಿಂದ ಕಂಬಳಿ ತರಿಸಿದರು. ಪಡಸಾಲೆಯಲ್ಲಿ ಹಾಸಿ, ರುಮಾಲು ಸರಿಮಾಡಿಕೊಂಡು ಕುಳಿತರು.

"ಕಂಬಳಿ ಮ್ಯಾಲ ಕುಂತು ಹೇಳಾಕತ್ತೇನ್ರಿ. ಮಗ್ಗದಾಗ ನೇಯ್ದದ್ದು ಬಿಟ್ಟು ಬ್ಯಾರೆ ಮಾಲ ನಾ ಕೊಟ್ಟಿಲ್ಲ."

ಅದಕ್ಕಿಂತ ಹೆಚ್ಚಿನ ಸಾಕ್ಷಿ ನನಗೆ ಬೇಕಿರಲಿಲ್ಲ. ಗದ್ದುಗೆಯಾಗಿ ಹಾಸಿದ ಕಂಬಳಿಯ ಎಳೆ ಕಿತ್ತು ಸುಡುವುದೆಂದರೆ ಹಿರಿಯರ ಮುಖಕ್ಕೆ ಉಗುಳಿದ ಹಾಗೆ. ಕಚೇರಿಗೆ ಬಂದವಳೇ, ತಪ್ಪು ಅಂಗಡಿಯವರದೆಂದು ವರದಿ ಬರೆದೆ. ಮೇಲಧಿಕಾರಿ ಒಲ್ಲದ ಮನಸ್ಸಿನಿಂದ ಒಪ್ಪಿದರು.

ಟ್ಯಾಗ್ ಉಳಿಯಿತೆಂಬ ಸುದ್ದಿಯನ್ನು ನಾನೇ ಹೇಳಬೇಕೆಂದು, ಫೋನೂ ಮಾಡದೆ ಒಂದು ಮಧ್ಯಾಹ್ನ ಅವರ ಮನೆಗೆ ಹೋದೆ. ಬಾಗಿಲ ಮುಂದೆ ಟೆಂಪೋ ನಿಂತಿತ್ತು. ಅಂಗಳದ ತುಂಬ ಪರರಾಜ್ಯದ ಮಿಲ್ಲಿನ ಗಂಟುಗಳು. ಸೊಸೆಯಂದಿರು ಕತ್ತರಿಯಿಂದ ಮಿಲ್ಲಿನ ಲೇಬಲ್ ಬಿಡಿಸುತ್ತಿದ್ದರು. ಸಿದ್ದವ್ವ ಬೋಗುಣಿಯಲ್ಲಿ ಹುಣಸೆ ಬೀಜದ ಗಂಜಿ ಇಟ್ಟುಕೊಂಡು ಆ ಮಿಷಿನ್ ಹೊದಿಕೆಗಳಿಗೆ ಸವರುತ್ತಿದ್ದಳು. ಮೂಸಿ ನೋಡಿದವರಿಗೆ ಕೈಮಗ್ಗದ ವಾಸನೆ ಬರಬೇಕಲ್ಲ! ನನಗೆ ಸಿಟ್ಟೂ ಬಂತು, ಅಳುವೂ ಬಂತು.

"ಕಾಕಾ, ಕಂಬಳಿ ಮ್ಯಾಲ ಕುಂತು ಹೇಳಿದ್ರೆಲ್ರಿ!"

"ಆರ್ಡರ್ ಬಂದಷ್ಟು ನೇಯಾಕ ಕೈ ಎಲ್ಲಿ ಅದಾವ್ರಿ ಅಕ್ಕಾರ?" ಎಂದರು. ಆಮೇಲೆ, ನಾನೇ ಅವರನ್ನು ಅವಮಾನಿಸಿದೆನೆಂಬಂತೆ ಮುಖ ಬಿಗಿದುಕೊಂಡು ಹೇಳಿದರು: "ಅವತ್ತ ಹಾಸಿದ್ದು ಕಂಬಳಿ ಅಲ್ರಿ, ಇದ ಮಿಲ್ಲಿನ ಗಂಟಿಂದು. ಖರೇ ಕಂಬಳಿ ಮ್ಯಾಲ ಕುಂತು ಸುಳ್ಳ ಹೇಳೂ ಮನಶ್ಯಾ ಅಲ್ಲ ನಾ."

ಸುಳ್ಳು ಹೇಳಿದ್ದಕ್ಕಿಂತ ಆ ಎಚ್ಚರಿಕೆಯೇ ನನ್ನನ್ನು ಸುಟ್ಟಿತು. ಕಂಬಳಿಗೆ ಮೈಲಿಗೆಯಾಗದ ಹಾಗೆ ಅವರು ಲೆಕ್ಕ ಹಾಕಿದ್ದರು. ಎದುರಿಗೆ ಕುಳಿತ ನಾನು ಆ ಲೆಕ್ಕದಲ್ಲೇ ಇರಲಿಲ್ಲ.

ಬರೆಯಬೇಕಾದದ್ದನ್ನು ಬರೆದೆ. ಊರಿನ ಟ್ಯಾಗ್ ರದ್ದಾಯಿತು. ಅದನ್ನು ತಿಳಿಸಲು ಊರಿಗೆ ಹೋದ ದಿನ ಕಾಕಾ ಅವರ ಪಕ್ಕದ ಮನೆಯ ಗಂಗವ್ವ, ಒಂದು ಎಳೆಯೂ ಕಲಬೆರಕೆ ಮಾಡದವಳು, ಬಸ್‌ಸ್ಟ್ಯಾಂಡಿನವರೆಗೆ ಹಿಂದೆಯೇ ಬಂದಳು. "ಅವ್ರ ಮಾಡಿದ್ದಕ್ಕ ನಮ್ಮ ಮಗ್ಗ ಯಾಕ ನಿಲ್ಲಬೇಕ್ರಿ?" ಎಂದು ಕೇಳಿದಳು. ನಿಯಮ ಹಾಗಿದೆ ಎಂದೆ. ಹಾಗೆನ್ನಲು ನನಗೇ ನಾಚಿಕೆಯಾಯಿತು. ಮುಂದೆ ಮೇಲಧಿಕಾರಿಯ ಬೆನ್ನು ಹತ್ತಿ, ಮನೆಮನೆಗೆ ಬೇರೆ ಟ್ಯಾಗ್ ಕೊಡುವ ಹಾಗೆ ಮಾಡಿಸಿದೆ. ಗಂಗವ್ವನ ಮಗ್ಗ ಮತ್ತೆ ನಡೆಯಿತು. ಕೈಯಲ್ಲಿ ಮುಟ್ಟಿ, ಸುಟ್ಟು ನೋಡಿ ಬರೆಯಬೇಕು, ಯಾರದೇ ಮಾತು ಕೇಳಿ ಬರೆಯಬಾರದು ಎಂಬುದನ್ನು ಈ ನೌಕರಿ ನನಗೆ ಕಲಿಸಿದ್ದು ಹೀಗೆ.

ನಾನು ನಿವೃತ್ತಳಾಗುವ ಮುಂಚೆ ಯಲ್ಲಪ್ಪ ಕಾಕಾ ತಮ್ಮ ಮನೆಗೂ ಟ್ಯಾಗ್ ಕೇಳಲು ಕಚೇರಿಗೆ ಬಂದರು. ಹೆಗಲ ಮೇಲಿದ್ದ ಕಂಬಳಿಯನ್ನು ನನ್ನ ಮೇಜಿನ ಮುಂದೆ ಹಾಸಿದರು.

"ಇದು ಖರೇದ್ರಿ. ಸುಟ್ಟು ನೋಡ್ರಿ. ಆಮ್ಯಾಲ ಇದರ ಮ್ಯಾಲ ಕುಂತು ಹೇಳತೇನಿ, ಇನ್ನ ಮಾಡೂದಿಲ್ಲಂತ."

ಅಂಚಿನ ಎಳೆಯೊಂದನ್ನು ಕಿತ್ತು ಕಡ್ಡಿ ಗೀರಿದೆ. ಕೂದಲು ಸುಟ್ಟ ವಾಸನೆ ಬಂತು. ಅಪ್ಪಟ ಉಣ್ಣೆ. ಅವರು ಕೂರಲು ಬಗ್ಗಿದರು. ನಾನು ಕಂಬಳಿಯನ್ನು ಎತ್ತಿ, ಮಡಚಿ, ಅವರ ಕೈಗೆ ಕೊಟ್ಟೆ.

"ಕಂಬಳಿ ಖರೇ ಐತ್ರಿ ಕಾಕಾ. ನಿಮ್ಮ ಮಾತು ಖರೇ ಐತೋ ಇಲ್ಲೋ, ಏನ ಸುಟ್ಟು ನೋಡ್ಲಿ?"