ದನಿಗೊಂದು ಜಾಗ

ಅವರ ಬಲಗಿವಿಯ ಮಡಿಕೆಯಲ್ಲಿ ಅತ್ತರಿನಲ್ಲಿ ಅದ್ದಿದ ಹತ್ತಿಯ ಉಂಡೆ ಸದಾ ಇರುತ್ತಿತ್ತು. ಹಾಡು ಕೇಳಲು ಕೂತಾಗ ಮಾತ್ರ ಅದನ್ನು ತೆಗೆದು ಮೇಜಿನ ಮೇಲಿಡುತ್ತಿದ್ದರು. "ಅತ್ತರ ಮೂಗಿಗಲ್ಲೇನ್ರಿ, ಕಿವಿಗೇನ ಮಾಡತೈತಿ?" ಎಂದು ನಾನು ಕೆಣಕಿದರೆ, "ಮೂಗು ಖುಷಿಯಾಗಿದ್ರ ಕಿವಿ ಸುಳ್ಳು ಹೇಳತೈತಿ ಯವ್ವಾ" ಎನ್ನುತ್ತಿದ್ದರು. ಸವಣೂರಿನಲ್ಲಿ ಅವರದೊಂದು ಸಣ್ಣ ರೆಕಾರ್ಡಿಂಗ್ ಸ್ಟುಡಿಯೋ ಇತ್ತು. ಊರಿಗೆಲ್ಲ ಅವರು ಚಾಚಾ, ನನಗೂ.

ಹತ್ತಿಮತ್ತೂರಿನ ನಮ್ಮ ಓಣಿಯ ಹೆಂಗಸರ ಸೋಬಾನೆ ಪದಗಳನ್ನು ಅವರೇ ರೆಕಾರ್ಡ್ ಮಾಡಿದ್ದರು. ಎಲ್ಲರನ್ನೂ ದುಂಡಗೆ ಕೂರಿಸಿ, ಒಬ್ಬೊಬ್ಬರ ಮುಂದೆ ಒಂದೊಂದು ಮೈಕು ಇಟ್ಟಿದ್ದರು. ನನ್ನ ಅವ್ವನೂ ಆ ಮೇಳದಲ್ಲಿದ್ದಳು. ಅವಳದು ಮೆತ್ತನೆಯ ದನಿ. ಮದುವೆಯೊಂದರಲ್ಲಿ ಆ ಹಾಡು ಹಚ್ಚಿದಾಗ ಎರಡು ಸ್ಪೀಕರಿನೊಳಗೆ ಅವ್ವ ಎಲ್ಲೂ ಇರಲಿಲ್ಲ. ಮೇಳದವಳೇ ಆದ ಪಕ್ಕದ ಮನೆಯಾಕೆ, "ಏನವಾ, ಬರೇ ಬಾಯಿ ಆಡಿಸಿದ್ದೇನ?" ಎಂದು ನಕ್ಕುಬಿಟ್ಟಳು. ಅವ್ವನಿಗೆ ಅದು ಚುಚ್ಚಿತು. ಅಂದಿನಿಂದ ಹಾಡುವುದನ್ನೇ ಬಿಟ್ಟಳು. ಮದುವೆ ಮನೆಗಳಲ್ಲಿ ಉಳಿದವರು ಹಾಡುತ್ತಿದ್ದರೆ ಇವಳು ಒಳಗೆ ಉಳ್ಳಾಗಡ್ಡಿ ಹೆಚ್ಚುತ್ತ ಕೂರುತ್ತಿದ್ದಳು.

ನನಗೆ ಮೈಯೆಲ್ಲ ಉರಿಯಿತು. ಸವಣೂರಿಗೆ ಹೋಗಿ, "ನಮ್ಮವ್ವನ ದನಿ ಏರಸ್ರಿ!" ಎಂದು ಜಗಳಕ್ಕೇ ನಿಂತೆ. ಚಾಚಾ ಬೇಸರಿಸಲಿಲ್ಲ.

"ಏರಿಸಿದ್ರ ಅದು ಅವರ ದನಿ ಅಲ್ಲ ಯವ್ವಾ, ಬರೇ ಗದ್ದಲ. ತಪ್ಪು ನಂದು. ಇಷ್ಟು ಮಂದಿನ್ನ ಎರಡ ಸ್ಪೀಕರಿನ ಬಾಗಲದಾಗ ತುರುಕೇನಿ. ಜೋರಿದ್ದವರು ನುಗ್ಗಿ ಬಂದ್ರು, ಮೆತ್ತಗಿದ್ದವರು ಒಳಗ ಉಳದ್ರು. ಜಾಗಾ ಕೊಡೂಣು, ತಡಿ."

ಹಾಡನ್ನು ಅವರು ಸರೌಂಡ್‌ನಲ್ಲಿ ಹೊಸದಾಗಿ ಮಿಕ್ಸ್ ಮಾಡಿದರು. ಕೋಣೆಯ ಮುಂದೆ, ಪಕ್ಕಗಳಲ್ಲಿ, ಹಿಂದೆ ಸ್ಪೀಕರುಗಳು. ರೆಕಾರ್ಡಿಂಗಿನ ದಿನ ಯಾರು ಎಲ್ಲಿ ಕೂತಿದ್ದರೋ ಅವರ ದನಿ ಅಲ್ಲಿಂದಲೇ ಬರುವಂತೆ ಹಂಚಿದರು. ಮೂಲೆ ಮೂಲೆಗೂ ಹೋಗಿ ಕಣ್ಣು ಮುಚ್ಚಿ ನಿಲ್ಲುವರು, ಬಂದು ಒಂದಿಷ್ಟು ತಿದ್ದುವರು. ಅಬ್ಬಾ, ಆ ತಾಳ್ಮೆ! ಒಂದರ ಮೇಲೊಂದು ದನಿ ಬೀಳದಿದ್ದರೆ ಯಾವುದನ್ನೂ ಅದುಮಬೇಕಿಲ್ಲ, ಯಾವುದನ್ನೂ ಕಿರುಚಿಸಬೇಕಿಲ್ಲ ಎಂಬುದು ನನಗೆ ತಿಳಿದದ್ದು ಅಲ್ಲೇ. ಹೆಂಗಸರ ಬಳೆ ಸದ್ದು ಕೂಡ ಬೇರೆ ಬೇರೆ ಕೇಳುತ್ತಿತ್ತು.

ಅವ್ವನನ್ನು ಗೋಗರೆದು ಕರೆದೊಯ್ದೆ. ಚಾಚಾ ಕೋಣೆಯ ನಡುವೆ ಕುರ್ಚಿ ಹಾಕಿ, "ಕುಂದರ್ರಿ ಅಕ್ಕಾರ" ಎಂದರು. ಹಾಡು ಶುರುವಾಯಿತು. ಎರಡನೇ ಸಾಲಿಗೆ ಅವ್ವ ಗಕ್ಕನೆ ಹಿಂದಕ್ಕೆ ತಿರುಗಿದಳು.

"ಅಲ್ಲಿ ಹಾಡಾಕತ್ತಾಕಿ ನಾನಲ್ಲೇನ!"

"ನೀವರಿ. ಕೂದಲೆಳಿಯಷ್ಟೂ ಏರಿಸಿಲ್ಲರಿ."

ಅವ್ವ ಬಾಯಿಗೆ ಸೆರಗು ಹಿಡಿದು ಕೇಳಿದಳು. ಸ್ವಲ್ಪ ಹೊತ್ತಿಗೆ ಕಿಲಕಿಲ ನಕ್ಕಳು. "ಅಯ್ಯ ಶಿವನ, ನನಗ ಅಂದಾಕೀನ ಇಲ್ಲಿ ಅರ್ಧ ಸಾಲು ನುಂಗ್ಯಾಳ!"

"ಊರಾಗ ಹೇಳಬ್ಯಾಡ್ರಿ ಮತ್ತ, ನನ್ನ ಗಿರಾಕಿ ಹೋಗತಾರ" ಎಂದು ಚಾಚಾ ಕೈಮುಗಿದರು.

ಮುಂದಿನ ಮದುವೆಯಲ್ಲಿ ಅವ್ವ ಮೇಳದಲ್ಲಿ ಕೂತು ಹಾಡಿದಳು. ಚಾಚಾಗೆ ಹೇಳಬೇಕು, ಹೇಳಬೇಕು ಎನ್ನುತ್ತಲೇ ದಿನ ದೂಡಿದಳು. ಅಷ್ಟರಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ನಮ್ಮ ಮನೆಯವರೇ ಹೋದಷ್ಟು ಸಂಕಟವಾಯಿತು.

ಅವರ ಮನೆಯಲ್ಲಿ, ಅವರ ಹೆಂಡತಿ ಚಾಚಿಯ ಪಕ್ಕ ಕೂತು ಅವ್ವ ಹೇಳಿದಳು: "ನಾ ಮತ್ತ ಹಾಡಾಕತ್ತೇನ್ರಿ. ಅವರಿಗೆ ಹೇಳಾಕ ಬರಬೇಕಂದೆ, ತಡಾತು."

ಚಾಚಿ ಅವ್ವನ ಕೈ ಹಿಡಿದುಕೊಂಡರು. "ಅವರಿಗೆ ಗೊತ್ತಿತ್ರಿ. ನೀವು ಹಾಡಿದ್ರಲ್ಲ, ಆ ಮದುವಿಗೆ ಹೋಗಿದ್ರು. ಪೆಂಡಾಲದ ಹಿಂದ ನಿಂತು ನಿಮ್ಮ ಹಾಡು ಕೇಳಿ, ಊಟಾನೂ ಮಾಡದ ಬಂದ್ರು. 'ಅಕ್ಕಾರು ಹಾಡಿದ್ರು' ಅಂತ ನನಗ ಹೇಳಾಕ."